ಮಳೆಗಾಲ ಕಳೆದು ಪಿಕಪ್ ಕುಂದಿದ ಔಟ್‌ಬೋರ್ಡ್ ಎಂಜಿನ್: ಟ್ಯಾಂಕಿಗೆ ಅಡಿಟಿವ್ ಸುರಿಯುವ ಮೊದಲಿನ ತಪಾಸಣೆ

ಗೋವಾದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿಗಳೂ ಜಲಕ್ರೀಡೆಯ ದೋಣಿಗಳೂ ಮಳೆ ಪೂರ್ತಿ ಹೊರಡುವ ತನಕ ದಡದ ಮೇಲೆಯೇ ಉಳಿಯುತ್ತವೆ. ಈ ಬಿಡುವು ಮುಗಿದು ಬೇತೂಲ್, ವಾಸ್ಕೋದ ಖಾರಿವಾಡಾ, ಮಾಂಡೋವಿ ದಡದ ಮಾಲಿಂ, ಶಾಪೋರಾ ಕಡೆಗಳಲ್ಲಿ ಎಂಜಿನ್‌ಗಳನ್ನು ಮತ್ತೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಹೊತ್ತಿಗೆ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಹಿಂದಿನ ಪಿಕಪ್ ಇಲ್ಲ. ಅದರ ಬೆನ್ನಿಗೇ ಬರುವ ಪ್ರಶ್ನೆಯೂ ಒಂದೇ, ಟ್ಯಾಂಕಿಗೆ ಯಾವ ಅಡಿಟಿವ್ ಹಾಕಿದರೆ ಸರಿಹೋದೀತು ಎಂಬುದು.

ಇಂಧನದ ಅಡಿಟಿವ್ ಮಾಡಬಲ್ಲ ಕೆಲಸ ಬಹಳ ಸೀಮಿತವಾದದ್ದು. ಪೆಟ್ರೋಲು ಬಿಟ್ಟುಹೋದ ಅಂಟು ಮತ್ತು ಉರಿದು ಉಳಿದ ಕಾರ್ಬನ್, ಇವೆರಡನ್ನು ಒಂದು ಮಟ್ಟದವರೆಗೆ ಅದು ಕರಗಿಸುತ್ತದೆ ಅಥವಾ ಸಡಿಲಗೊಳಿಸುತ್ತದೆ. ಟ್ಯಾಂಕಿನೊಳಗಿನ ನೀರು, ಹಳಸಿದ ಪೆಟ್ರೋಲು, ಗಾಳಿ ಎಳೆಯುವ ಪೈಪು, ಸೋತ ಫ್ಯುಯೆಲ್ ಪಂಪು, ಗೀರುಬಿದ್ದ ಸಿಲಿಂಡರು, ಇವು ಯಾವುವೂ ಅದರ ಕೈಗೆ ಸಿಗುವ ದೋಷಗಳಲ್ಲ. ಗೋವಾದ ತೇವದಲ್ಲಿ ಮೂರು ನಾಲ್ಕು ತಿಂಗಳು ಸುಮ್ಮನೆ ನಿಂತ ಎಂಜಿನ್ನಿನಲ್ಲಿ ಕಾಣುವ ದೋಷಗಳ ಪೈಕಿ ದೊಡ್ಡ ಪಾಲು ಈ ಎರಡನೆಯ ಬಗೆಗೇ ಸೇರುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಅಡಿಟಿವ್ ಕೊನೆಗೆ ಬರುತ್ತದೆ. ಅದಕ್ಕಿಂತ ಮೊದಲು ದೋಷವು ಅದರ ವ್ಯಾಪ್ತಿಯದ್ದು ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವ ಪರೀಕ್ಷೆಗಳಿವೆ. ಕಾರವಾರ, ಅಂಕೋಲಾ, ಹೊನ್ನಾವರ ಕಡೆಯಿಂದ ಬಂದು ಇಲ್ಲಿ ದೋಣಿ ನಡೆಸುವವರು ಹಾಗೂ ಸಣ್ಣಪುಟ್ಟ ರಿಪೇರಿಯನ್ನು ತಾವೇ ಮಾಡಿಕೊಳ್ಳುವ ಮಾಲಿಕರು ಇದನ್ನು ಓದುತ್ತಾರೆಂದು ಭಾವಿಸಿ ಬರೆದಿದ್ದೇನೆ. ಕಾರ್ಬ್ಯುರೇಟರ್ ಇರುವ ಎರಡು-ಸ್ಟ್ರೋಕ್ ಎಂಜಿನ್ನನ್ನೇ ಮುಖ್ಯವಾಗಿ ಇಟ್ಟುಕೊಂಡು, ನಾಲ್ಕು-ಸ್ಟ್ರೋಕಿನ ವ್ಯತ್ಯಾಸವನ್ನು ಅಲ್ಲಲ್ಲಿ ಹೇಳಿದ್ದೇನೆ.

ಮೊದಲ ವಿಂಗಡಣೆ: ಆರ್‌ಪಿಎಂ ಏರುತ್ತಿದೆಯೇ?

ದೋಣಿಯ ವೇಗ ಕಡಿಮೆಯಾದ ಮಾತ್ರಕ್ಕೆ ಎಂಜಿನ್ನಿನ ಶಕ್ತಿ ಕಡಿಮೆಯಾಗಿದೆ ಎನ್ನಲಾಗದು. ಎಂದಿನಷ್ಟೇ ಜನ ಮತ್ತು ಎಂದಿನಷ್ಟೇ ಸಾಮಾನು ಹೇರಿಕೊಂಡು, ಗಾಳಿಯಿಲ್ಲದ ಬೆಳಗಿನ ಹೊತ್ತು ನದಿಯ ನೇರ ಭಾಗದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕವಾದ ಆರ್‌ಪಿಎಂ ಎಷ್ಟಕ್ಕೆ ನಿಲ್ಲುತ್ತದೆ ಎಂದು ನೋಡಬೇಕು. ಮೀಟರ್ ಇಲ್ಲದ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಅಗ್ಗದ ಟ್ಯಾಕೋಮೀಟರ್ ಸಾಕು. 40 ಎಚ್‌ಪಿ ದರ್ಜೆಯ ಎರಡು-ಸ್ಟ್ರೋಕ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ 4500ರಿಂದ 5500, ನಾಲ್ಕು-ಸ್ಟ್ರೋಕಿನವುಗಳಿಗೆ 5000ದಿಂದ 6000 ಎಂಬ ವ್ಯಾಪ್ತಿಯನ್ನು ಕೈಪಿಡಿಗಳು ಕೊಡುತ್ತವೆ. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ಇರುವ ಅಂಕಿಯೇ ಅಂತಿಮ.

ಆರ್‌ಪಿಎಂ ಆ ವ್ಯಾಪ್ತಿಯ ತುದಿಗೆ ಸಲೀಸಾಗಿ ಏರಿಯೂ ದೋಣಿ ಓಡದಿದ್ದರೆ ಎಂಜಿನ್ ನಿರ್ದೋಷಿ. ಆಗ ನಮ್ಮವರು ಪಂಖವೆನ್ನುವ ಪ್ರೊಪೆಲ್ಲರನ್ನು ನೋಡಬೇಕು. ಅದರ ನಡುವಿನ ರಬ್ಬರ್ ಹಬ್ ಸಡಿಲವಾಗಿ ಜಾರುತ್ತಿದ್ದರೆ ಇದೇ ಲಕ್ಷಣ ಕಾಣುತ್ತದೆ. ಒಳಗಿನ ಲೋಹದ ತೋಳಿನಿಂದ ಹೊರಗಿನ ಭಾಗದವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದು ಒಂದು ಸುತ್ತು ಓಡಿಸಿ ಬಂದರೆ ಸಾಕು: ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ನಿಂತಿದ್ದರೆ ಹಬ್ ಹೋಗಿದೆ. ಆರ್‌ಪಿಎಂ ಏರದೇ 3500ರಲ್ಲೋ 4000ದಲ್ಲೋ ನಿಂತುಬಿಟ್ಟರೆ ಹೊರೆ ಹೆಚ್ಚಾಗಿದೆ ಅಥವಾ ಎಂಜಿನ್ ಸೋತಿದೆ. ನದಿಯಲ್ಲಿ ಕಟ್ಟಿಯೇ ಇಟ್ಟ ದೋಣಿಯ ತಳಕ್ಕೆ ಒಂದು ಮಳೆಗಾಲದಲ್ಲಿ ಕಚ್ಚಿಕೊಳ್ಳುವ ಚಿಪ್ಪು ಮತ್ತು ಪಾಚಿ, ಫೈಬರ್ ಪದರಗಳ ನಡುವೆ ಹೀರಿಕೊಂಡ ನೀರು, ಪಂಖದಲ್ಲಿ ಸಿಕ್ಕಿದ ನೈಲಾನ್ ಬಲೆಯ ನೂಲು, ಇವುಗಳನ್ನು ಮೊದಲು ತೊಡೆದುಹಾಕದೆ ಎಂಜಿನ್ ಕವರ್ ಬಿಚ್ಚುವುದು ವ್ಯರ್ಥ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಈಚಿನ ಎಂಜಿನ್‌ಗಳು ಬಿಸಿ ಮೀರಿದಾಗ ಅಥವಾ ಆಯಿಲ್ ಕಡಿಮೆಯಾದಾಗ ತಮ್ಮನ್ನು ಕಾಪಾಡಿಕೊಳ್ಳಲು ಆರ್‌ಪಿಎಂಅನ್ನು ತಾವೇ ತಗ್ಗಿಸಿ, ಅದಕ್ಕಿಂತ ಮೇಲೆ ಏರದಂತೆ ತಡೆಯುತ್ತವೆ. ಬಝರ್ ಕೆಟ್ಟಿದ್ದರೆ ಇದು ಇಂಧನದ ದೋಷದಂತೆಯೇ ಕಾಣುತ್ತದೆ. ಹಿಂದಿನಿಂದ ಚಿಮ್ಮುವ ತಂಪು ನೀರಿನ ಧಾರೆ ಬಲವಾಗಿದೆಯೇ ಎಂದು ನೋಡದೆ ಮುಂದಕ್ಕೆ ಹೋಗಬಾರದು.

ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ದಾರಿ

ಪೈಪಿನ ನಡುವಿರುವ ಪ್ರೈಮರ್ ಬಲ್ಬು ಈ ಇಡೀ ತಪಾಸಣೆಯಲ್ಲಿ ಅತ್ಯಂತ ಅಗ್ಗದ ಮತ್ತು ಅತ್ಯಂತ ಪ್ರಾಮಾಣಿಕ ಉಪಕರಣ. ಎಂಜಿನ್ ಭಾರ ಎಳೆಯುತ್ತಾ ಸುಸ್ತಾದ ಕ್ಷಣದಲ್ಲಿ ಜೊತೆಗಿರುವವರಿಗೆ ಬಲ್ಬನ್ನು ಒತ್ತಲು ಹೇಳಿ. ಒತ್ತಿದಾಗ ಎಂಜಿನ್ ಚೇತರಿಸಿಕೊಂಡು, ಬಿಟ್ಟಾಗ ಮತ್ತೆ ಕುಸಿದರೆ ಕಾರ್ಬ್ಯುರೇಟರಿಗೆ ಸಾಲುವಷ್ಟು ಪೆಟ್ರೋಲು ತಲುಪುತ್ತಿಲ್ಲವೆಂದೇ ಅರ್ಥ. ಫ್ಯುಯೆಲ್ ಪಂಪಿನ ಡಯಾಫ್ರಾಮ್, ಫಿಲ್ಟರ್, ಪೈಪಿನ ಜೋಡಣೆಗಳು, ಈ ಕ್ರಮದಲ್ಲಿ ನೋಡಬೇಕು. ಬಲ್ಬು ತಾನಾಗಿಯೇ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಬಲ್ಬಿಗಿಂತ ಹಿಂದೆ, ಅಂದರೆ ಟ್ಯಾಂಕಿನ ಕಡೆ, ತಡೆಯಿದೆ. ಹತ್ತರಲ್ಲಿ ಹಲವು ಸಲ ಅದು ಟ್ಯಾಂಕ್ ಮುಚ್ಚಳದ ಗಾಳಿಯ ತಿರುಪನ್ನು ತೆರೆಯಲು ಮರೆತದ್ದೇ ಆಗಿರುತ್ತದೆ. ಎಷ್ಟು ಒತ್ತಿದರೂ ಬಲ್ಬು ಗಟ್ಟಿಯಾಗದಿದ್ದರೆ ಅದರ ಒಳಗಿನ ವಾಲ್ವ್ ಹೋಗಿದೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ.

ಪೈಪಿನ ಒಳಗೋಡೆಯನ್ನೂ ನೋಡಿ. ಎಥೆನಾಲ್ ಬೆರೆಸಿದ ಪೆಟ್ರೋಲಿಗೆಂದು ತಯಾರಾಗದ ಹಳೆಯ ರಬ್ಬರು ಒಳಗಿನಿಂದ ಮೆತ್ತಗಾಗಿ ಪುಡಿಯಾಗಿ ಉದುರುತ್ತದೆ. ಆ ಕಪ್ಪು ಚೂರುಗಳು ನೇರವಾಗಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ರಂಧ್ರಕ್ಕೆ ಹೋಗಿ ಕೂರುತ್ತವೆ. ಒಂದು ಬಿಳಿ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಪೈಪಿನ ಬಾಯೊಳಗೆ ತಿರುಗಿಸಿ ತೆಗೆದಾಗ ಬಟ್ಟೆ ಕಪ್ಪಾದರೆ ಪೈಪು ಬದಲಿಸಬೇಕು. ಇಂತಹ ಪೈಪಿನ ಮೂಲಕ ಕ್ಲೀನರ್ ಅಡಿಟಿವ್ ಹರಿಸಿದರೆ ಉದುರುವಿಕೆ ಇನ್ನಷ್ಟು ಹೆಚ್ಚಾಗುವ ಸಂಭವವಿದೆ.

ಗಾಜಿನ ಭರಣಿಯ ಪರೀಕ್ಷೆ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಇಲ್ಲಿನ ಬಹುಪಾಲು ಪ್ರಕರಣಗಳು ಇಲ್ಲಿಯೇ ಬಗೆಹರಿಯುತ್ತವೆ.

ಇಂದು ಪಂಪಿನಲ್ಲಿ ದೊರೆಯುವ ಪೆಟ್ರೋಲು ಇ20, ಅಂದರೆ ಅದರಲ್ಲಿ ಶೇಕಡ 20ರಷ್ಟು ಎಥೆನಾಲ್ ಇರುತ್ತದೆ. ಇದರ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆಯಿತು. ಬಹುತೇಕ ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಅನುಮತಿಸುವ ಎಥೆನಾಲ್ ಮಿತಿ ಶೇಕಡ 10 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಥೆನಾಲ್ ನೀರನ್ನು ಬಯಸುವ ವಸ್ತು. ಬರಿಯ ಪೆಟ್ರೋಲಿನಲ್ಲಿ ನೀರು ಕರಗುವುದು ಲೀಟರಿಗೆ ಕೆಲವು ಹನಿಗಳ ಲೆಕ್ಕದಲ್ಲಿ. ಶೇಕಡ 10 ಎಥೆನಾಲ್ ಇದ್ದರೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 5 ಮಿಲಿಲೀಟರ್ ತನಕ ನೀರನ್ನು ಅದು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಇ20 ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಆ ಮಿತಿ ದಾಟಿದ ಕೂಡಲೇ ನೀರು ಒಂದೇ ಕೆಳಗಿಳಿಯುವುದಿಲ್ಲ, ಎಥೆನಾಲನ್ನೂ ತನ್ನೊಂದಿಗೆ ಎಳೆದುಕೊಂಡು ಟ್ಯಾಂಕಿನ ತಳದಲ್ಲಿ ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ. ಮೇಲೆ ಉಳಿದ ಪೆಟ್ರೋಲು ಎಥೆನಾಲ್ ಕಳೆದುಕೊಂಡು ಆಕ್ಟೇನ್ ಕಡಿಮೆಯಾದದ್ದು. ಕೆಳಗಿನದ್ದು ಎಂಜಿನ್ನಿನಲ್ಲಿ ಸರಿಯಾಗಿ ಉರಿಯದೆ, ಎರಡು-ಸ್ಟ್ರೋಕಿನ ಆಯಿಲನ್ನೂ ಹೊತ್ತೊಯ್ಯದ ದ್ರವ. ಪೆಟ್ರೋಲ್ ಹೀರುವ ಕೊಳವೆ ಇರುವುದು ಟ್ಯಾಂಕಿನ ತಳದಲ್ಲೇ ಆದ್ದರಿಂದ ಎಂಜಿನ್ ಮೊದಲು ಕುಡಿಯುವುದು ಈ ಕೆಳಗಿನ ಪದರವನ್ನು.

ಪರೀಕ್ಷೆ ಸರಳವಾದದ್ದು. ಬೆಂಕಿ, ಬೀಡಿ, ಮೊಬೈಲ್ ಚಾರ್ಜರು ಯಾವುದೂ ಹತ್ತಿರವಿಲ್ಲದ ತೆರೆದ ಜಾಗದಲ್ಲಿ, ಟ್ಯಾಂಕನ್ನು ಅಲುಗಾಡಿಸದೆ ಅದರ ತೀರ ತಳದಿಂದ ಅರ್ಧ ಲೀಟರಿನಷ್ಟು ಪೆಟ್ರೋಲನ್ನು ಹೀರಿ ತೆಗೆದು ಒಣಗಿದ, ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ ಸ್ವಲ್ಪ ಹೊತ್ತು ನೆರಳಿನಲ್ಲಿ ಇಡಬೇಕು. ಕಾರ್ಬ್ಯುರೇಟರಿನ ಬಟ್ಟಲಿನ ಕೆಳಗಿರುವ ಡ್ರೈನ್ ಸ್ಕ್ರೂ ಬಿಚ್ಚಿ ಅದರಲ್ಲಿರುವುದನ್ನೂ ಬೇರೊಂದು ಸಣ್ಣ ಗಾಜಿನಲ್ಲಿ ಹಿಡಿಯಬೇಕು. ಭರಣಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಹಿಡಿದರೆ ಪದರ ಬೇರ್ಪಟ್ಟಿದ್ದಲ್ಲಿ ಅಡ್ಡವಾದ ಒಂದು ಸ್ಪಷ್ಟ ಗೆರೆ ಕಾಣುತ್ತದೆ. ಎರಡೂ ಪದರದ ಬಣ್ಣ ಒಂದೇ ತೆರನಾಗಿದ್ದು ಅನುಮಾನ ಬಂದರೆ ಅಡುಗೆಗೆ ಬಳಸುವ ನೀರಿನ ಬಣ್ಣವನ್ನು ಎರಡು ಹನಿ ಬಿಡಿ: ಅದು ಪೆಟ್ರೋಲಿನಲ್ಲಿ ಬೆರೆಯದೆ ಮೇಲಿನ ಪದರವನ್ನು ಹಾದು ಹೋಗಿ ಕೆಳಗಿನ ಪದರವನ್ನಷ್ಟೇ ಬಣ್ಣಿಸುತ್ತದೆ. ಪೂರ್ತಿ ಪೆಟ್ರೋಲೇ ಮಬ್ಬಾಗಿ ಕಂಡರೆ ಅದು ಬೇರ್ಪಡುವ ಹೊಸ್ತಿಲಲ್ಲಿದೆ.

ಹೊಸದಾಗಿ ತಂದ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಎಂದು ತಿಳಿಯುವುದೂ ಕಷ್ಟವಲ್ಲ. ಶಾಲೆಯ ಪ್ರಯೋಗಾಲಯದಲ್ಲಿರುವಂಥ 100 ಮಿಲಿಲೀಟರಿನ ಅಳತೆ ಜಾಡಿಯಲ್ಲಿ 10 ಮಿಲಿಲೀಟರ್ ನೀರು ಹಾಕಿ, ಅದರ ಮೇಲೆ 90 ಮಿಲಿಲೀಟರ್ ಪೆಟ್ರೋಲು ತುಂಬಿ, ಬಾಯಿ ಮುಚ್ಚಿ ಅಲುಗಿಸಿ, ನಡುನಡುವೆ ಒತ್ತಡ ಬಿಟ್ಟು, ನಿಲ್ಲಲು ಬಿಡಿ. ನೀರು ಎಥೆನಾಲನ್ನು ಸೆಳೆದುಕೊಂಡು ಉಬ್ಬುತ್ತದೆ. ಇ20 ಆದರೆ ಕೆಳಗಿನ ಪದರ 10ರಿಂದ ಹೆಚ್ಚುಕಡಿಮೆ 28ರ ಗೆರೆಯ ಹತ್ತಿರಕ್ಕೆ ಬರುತ್ತದೆ. ಪರೀಕ್ಷೆಗೆ ಬಳಸಿದ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕಕೂಡದು.

ಬೇತೂಲಿನಲ್ಲಿ ಹೊನ್ನಾವರ ಕಡೆಯ ಹಿರಿಯ ತಾಂಡೇಲರೊಬ್ಬರು (ದೋಣಿಯ ಮುಖ್ಯಸ್ಥರು) ತಮ್ಮ 40 ಎಚ್‌ಪಿ ಎಂಜಿನ್ ತೋರಿಸುತ್ತಾ, "ಎರಡು ಬಾಟ್ಲಿ ಹಾಕ್ದೆ ತಮಾ, ಹಾಂಗೇ ಅದೆ" ಎಂದರು. ಅವರು ಹಾಕಿದ್ದು ಒಳ್ಳೆಯ ಕ್ಲೀನರೇ ಆಗಿತ್ತು. ಆದರೆ ಟ್ಯಾಂಕಿನ ತಳದಿಂದ ತೆಗೆದ ಭರಣಿಯಲ್ಲಿ ಎರಡು ಬೆರಳಿನಷ್ಟು ದಪ್ಪದ ಕೆಳಪದರ ನಿಂತಿತ್ತು, ಕಾರ್ಬ್ಯುರೇಟರ್ ಬಟ್ಟಲಿನ ತಳದಲ್ಲಿ ಬಿಳಿಯ ಹಿಟ್ಟಿನಂಥ ಕರಟು ಕಟ್ಟಿತ್ತು. ಅಲ್ಯೂಮಿನಿಯಂ ನೀರಿನಲ್ಲಿ ನೆನೆದು ಕೊರೆದ ಗುರುತು ಅದು. ಟ್ಯಾಂಕ್ ಖಾಲಿ ಮಾಡಿ, ಒಣಗಿಸಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಹೊಸ ಪೆಟ್ರೋಲ್ ಹಾಕಿದ ಮೇಲೆ ಎಂಜಿನ್ ತನ್ನ ಆರ್‌ಪಿಎಂಗೆ ಮರಳಿತು.

ಬೇರ್ಪಟ್ಟ ಪೆಟ್ರೋಲನ್ನು ಮತ್ತೆ ಒಂದುಗೂಡಿಸಿ ಮೊದಲಿನಂತೆ ಮಾಡುವ ಅಡಿಟಿವ್ ಇಲ್ಲ. ನೀರು ತೆಗೆಯುವ ಔಷಧವೆಂದು ಮಾರುವ ಬಾಟಲಿಗಳಲ್ಲಿ ಬಹುಪಾಲು ಇರುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಐದನೇ ಒಂದು ಭಾಗ ಆಗಲೇ ಆಲ್ಕೋಹಾಲ್ ಆಗಿರುವ ಇ20ಗೆ ಇನ್ನಷ್ಟು ಆಲ್ಕೋಹಾಲ್ ಸೇರಿಸಿ ಸಾಧಿಸುವುದು ಏನೂ ಇಲ್ಲ. ಹಳಸಿದ ಪೆಟ್ರೋಲಿಗೂ ಇದೇ ಮಾತು. ಬಣ್ಣ ಗಾಢವಾಗಿ, ಹಳೆಯ ಪೇಂಟಿನ ಹುಳಿ ವಾಸನೆ ಬರುತ್ತಿದ್ದರೆ ಅದನ್ನು ಎಂಜಿನ್ನಿಗೆ ಕುಡಿಸಬೇಡಿ. ಅದನ್ನು ನದಿಗೋ ಮರಳಿಗೋ ಚೆಲ್ಲದೆ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಪೆಟ್ರೋಲು ಶುದ್ಧವಾಗಿದ್ದೂ ಎಂಜಿನ್ ಮಂಕಾಗಿದ್ದರೆ

ಭರಣಿ ಸ್ವಚ್ಛವಾಗಿದೆ, ಬಲ್ಬು ಗಟ್ಟಿಯಾಗಿದೆ, ಆದರೂ ಎಂಜಿನ್ ಹಿಂದಿನಂತಿಲ್ಲ ಎಂದಾಗ ಇ20ಯಿಂದಲೇ ಆಗುವ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬರಿಯ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಇ20ಗೆ ಇದು ಸುಮಾರು 13.5ಕ್ಕೆ ಬರುತ್ತದೆ. ಕಂಪ್ಯೂಟರ್ ನಿಯಂತ್ರಣವಿಲ್ಲದ ಕಾರ್ಬ್ಯುರೇಟರ್ ಹಳೆಯ ಜೆಟ್ಟಿನ ಅಳತೆಯಲ್ಲೇ ಇಂಧನ ಬಿಡುವುದರಿಂದ ಮಿಶ್ರಣ ತೆಳುವಾಗುತ್ತದೆ, ಥ್ರಾಟಲ್ ಕೊಟ್ಟ ಕೂಡಲೇ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ, ಸಿಲಿಂಡರ್ ಹೆಚ್ಚು ಬಿಸಿಯಾಗುತ್ತದೆ. ಇದರ ಜೊತೆಗೆ ಲೀಟರಿನಲ್ಲಿರುವ ಶಕ್ತಿಯೇ ಶೇಕಡ 6ರಿಂದ 7ರಷ್ಟು ಕಡಿಮೆ. ಇದು ಅಡಿಟಿವ್‌ನಿಂದ ತುಂಬಿಕೊಳ್ಳುವ ಕೊರತೆ ಅಲ್ಲ. ನಿಮ್ಮ ಮಾದರಿಗೆ ದೊಡ್ಡ ಅಳತೆಯ ಜೆಟ್ ಸರಿಹೊಂದುತ್ತದೆಯೇ ಎಂದು ತಿಳಿದ ಮೆಕ್ಯಾನಿಕ್ಕನ್ನು ಕೇಳಬೇಕಾದ ವಿಷಯ. ಆಕ್ಟೇನ್ ಬೂಸ್ಟರ್ ಅಂತೂ ಇಲ್ಲಿ ದುಡ್ಡು ದಂಡ. ಇ20ರ ಆಕ್ಟೇನ್ ಆಗಲೇ 95ರ ಆಸುಪಾಸಿನಲ್ಲಿದೆ, ನಮ್ಮ ದೋಣಿಗಳ ಸಾಧಾರಣ ಎಂಜಿನ್‌ಗಳಿಗೆ ಅಷ್ಟೂ ಬೇಕಾಗಿಲ್ಲ.

ಪ್ಲಗ್‌ಗಳನ್ನು ಬಿಚ್ಚಿ ಯಾವುದು ಯಾವ ಸಿಲಿಂಡರಿನದ್ದೆಂದು ಗುರುತಿಟ್ಟು ಸಾಲಾಗಿ ಇಡಬೇಕು. ಎಲ್ಲವೂ ತಿಳಿಗಂದು ಬಣ್ಣದವಾಗಿದ್ದರೆ ಸರಿ. ಒಂದು ಮಾತ್ರ ಒದ್ದೆಯಾಗಿದ್ದರೆ ಆ ಸಿಲಿಂಡರಿನಲ್ಲಿ ಕಿಡಿ ಇಲ್ಲ ಅಥವಾ ಕಂಪ್ರೆಶನ್, ಅಂದರೆ ಪಿಸ್ಟನ್ ಒತ್ತಿದಾಗ ಹುಟ್ಟುವ ಒತ್ತಡ, ಇಲ್ಲ. ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ, ಅದರ ಜೆಟ್ ಕಟ್ಟಿರಬಹುದು. ಒಣ ಕಪ್ಪು ಮಸಿ ಎಲ್ಲದರಲ್ಲೂ ಇದ್ದರೆ ಕಾರ್ಬನ್ ಕಟ್ಟುವಿಕೆಯ ಸೂಚನೆ. ಇಡೀ ದಿನ ನಿಧಾನಗತಿಯಲ್ಲಿ ಬಲೆ ಬಿಡುತ್ತಾ ಓಡುವ ಎಂಜಿನ್‌ಗಳಲ್ಲಿಯೂ, ದುಡ್ಡು ಉಳಿಸಲೆಂದು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವವರ ಎಂಜಿನ್‌ಗಳಲ್ಲಿಯೂ ಇದು ಸಾಮಾನ್ಯ. ಕಿಡಿ ಪರೀಕ್ಷಿಸುವಾಗ ಪ್ಲಗ್ ವೈರನ್ನು ಗಾಳಿಯಲ್ಲಿ ತೂಗಾಡಲು ಬಿಡಬಾರದು, ಲೋಹಕ್ಕೆ ತಾಗಿಸಿರಬೇಕು. ಇಲ್ಲವಾದರೆ ಕಿಡಿಗೆ ವಿದ್ಯುತ್ ಒದಗಿಸುವ ಸಿಡಿಐ ಘಟಕವೇ ಸುಟ್ಟುಹೋಗಬಹುದು.

ಇನ್ನು ಕಂಪ್ರೆಶನ್. ಎಂಜಿನ್ ಬೆಚ್ಚಗಿರುವಾಗ ಎಲ್ಲ ಪ್ಲಗ್ ತೆಗೆದು, ವೈರುಗಳನ್ನು ಅರ್ತ್ ಮಾಡಿ, ಕಿಲ್ ಸ್ವಿಚ್ಚಿನ ಹಗ್ಗ ಕಳಚಿ, ಥ್ರಾಟಲ್ ಪೂರ್ತಿ ತೆರೆದು ಗೇಜ್ ಹಾಕಿ ಎಳೆಯಬೇಕು. ಅಂಕಿ ಎಷ್ಟು ಬಂತು ಎಂಬುದಕ್ಕಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಒಂದರಲ್ಲಿ 120 ಪಿಎಸ್ಐ ಇನ್ನೊಂದರಲ್ಲಿ 115 ಬಂದರೆ ಚಿಂತೆಯಿಲ್ಲ. 120 ಮತ್ತು 90 ಬಂದರೆ, ಅಂದರೆ ಅಂತರ ಶೇಕಡ 15 ದಾಟಿದರೆ, ಕಡಿಮೆ ಬಂದ ಸಿಲಿಂಡರಿನ ಪಿಸ್ಟನ್ ರಿಂಗು ಕಾರ್ಬನ್ನಿನಲ್ಲಿ ಅಂಟಿಕೊಂಡಿದೆ ಅಥವಾ ಸಿಲಿಂಡರ್ ಗೀರಿದೆ. ಇವೆರಡರಲ್ಲಿ ಯಾವುದೆಂದು ತಿಳಿಯಲು ಫೋನಿಗೆ ಜೋಡಿಸುವ ಸಣ್ಣ ಕ್ಯಾಮೆರಾ ಕೊಳವೆಯನ್ನು ಪ್ಲಗ್ಗಿನ ರಂಧ್ರದಿಂದ ಇಳಿಸಿ ಗೋಡೆಯನ್ನು ನೋಡಿ. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಇಲ್ಲಿಗೆ ನಿಲ್ಲಿಸಿ ಎಂಜಿನ್ ಬಿಚ್ಚುವವರನ್ನು ಕರೆಯಿರಿ. ಗೋಡೆ ನುಣುಪಾಗಿದ್ದು ಪಿಸ್ಟನ್ನಿನ ತಲೆಯ ಮೇಲೆ ದಪ್ಪ ಕಪ್ಪು ಪದರವಿದ್ದರೆ, ಅಡಿಟಿವ್ ಕೈಗೆತ್ತಿಕೊಳ್ಳುವ ಹೊತ್ತು ಬಂದಿದೆ.

ಅಡಿಟಿವ್: ಯಾವುದು, ಎಷ್ಟು, ಹೇಗೆ

ಮಡಗಾಂವ್, ಪಣಜಿಯ ಅಂಗಡಿಗಳ ಕಪಾಟಿನಲ್ಲಿ ಒಂದೇ ಸಾಲಿನಲ್ಲಿ ನಿಂತಿರುವ ಬಾಟಲಿಗಳ ಕೆಲಸ ಒಂದೇ ಅಲ್ಲ. ಕಾರ್ಬನ್ ಮತ್ತು ಅಂಟು ತೆಗೆಯಲು ಬೇಕಾದದ್ದು ಪಾಲಿಈಥರ್‌ಅಮೈನ್ ಇರುವ ಕ್ಲೀನರ್. ಲೇಬಲ್ಲಿನಲ್ಲಿ ಇದನ್ನು ಪಿಇಎ ಎಂದೂ ಬರೆದಿರುತ್ತಾರೆ. ಸಿಲಿಂಡರಿನ ಒಳಗಿನ ಬಿಸಿಗೂ ತಾಳಿಕೊಂಡು ಪಿಸ್ಟನ್ ತಲೆ ಮತ್ತು ರಿಂಗ್ ಕೂರುವ ತೋಡುಗಳವರೆಗೆ ಕೆಲಸ ಮಾಡುವ ಗುಣ ಅದಕ್ಕಿದೆ. ಯಮಹಾದ ರಿಂಗ್ ಫ್ರೀ ಈ ಬಗೆಯದು. ಹಗುರ ಖನಿಜ ತೈಲ, ನಾಫ್ತಾ, ಆಲ್ಕೋಹಾಲ್ ಬೆರೆಸಿದ ಇನ್ನೊಂದು ಬಗೆಯ ದ್ರವಗಳು ಕಾರ್ಬ್ಯುರೇಟರಿನ ಮೆತ್ತನೆಯ ಅಂಟಿಗೆ ಚೆನ್ನಾಗಿ ಒದಗುತ್ತವೆ, ಗಟ್ಟಿಯಾದ ಕಾರ್ಬನ್ನಿಗೆ ಅಷ್ಟಾಗಿ ಅಲ್ಲ ಎಂಬುದು ನನ್ನ ಅನುಭವ. ಸ್ಟೆಬಿಲೈಸರ್ ಎಂಬುದು ಹೊಸ ಪೆಟ್ರೋಲು ಬೇಗ ಹಳಸದಂತೆ ತಡೆಯುವ ವಸ್ತು. ಹಳಸಿದ್ದನ್ನು ಅದು ಹಿಂದಕ್ಕೆ ತರುವುದಿಲ್ಲ. ಒಡೆದ ಹಾಲಿಗೆ ಮತ್ತೆ ಒಲೆ ಹಚ್ಚಿದ ಹಾಗೆ ಆದೀತು. ಎರಡು-ಸ್ಟ್ರೋಕಿಗೆ ಆಗುತ್ತದೆಂದು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿರದ ಕಾರಿನ ಕ್ಲೀನರನ್ನು ಎರಡು-ಸ್ಟ್ರೋಕ್ ಎಂಜಿನ್ನಿಗೆ ಬಳಸದಿರುವುದು ಕ್ಷೇಮ.

ಅಂದಾಜಿನ ಮೇಲೆ ಸುರಿಯುವ ಅಭ್ಯಾಸ ಬಿಡಬೇಕು. ಲೇಬಲ್ಲಿನಲ್ಲಿ 500ಕ್ಕೆ 1 ಎಂದಿದ್ದರೆ 25 ಲೀಟರಿನ ಟ್ಯಾಂಕಿಗೆ 50 ಮಿಲಿಲೀಟರ್, ಔಷಧದ ಅಳತೆ ಲೋಟದಲ್ಲೇ ಅಳೆಯಬಹುದು. ಅದೇ ಟ್ಯಾಂಕಿಗೆ 50ಕ್ಕೆ 1ರ ಪ್ರಮಾಣದಲ್ಲಿ, ನೀರಿನಿಂದ ತಂಪಾಗುವ ಎರಡು-ಸ್ಟ್ರೋಕ್ ಎಂಜಿನ್ನಿಗೆಂದೇ ಇರುವ ಟಿಸಿ-ಡಬ್ಲ್ಯು3 ದರ್ಜೆಯ ಆಯಿಲ್ ಅರ್ಧ ಲೀಟರು ಬೇಕೇ ಬೇಕು. ಅಡಿಟಿವ್ ಎಣ್ಣೆಯಂತೆ ಕಂಡರೂ ಆಯಿಲಿನ ಬದಲಿಗೆ ನಿಲ್ಲುವುದಿಲ್ಲ. ಅಡಿಟಿವ್ ಹಾಕಿದ್ದೇವಲ್ಲ ಎಂದು ಆಯಿಲ್ ಕಡಿಮೆ ಮಾಡಿದರೆ, ಅಥವಾ ಬೇಗ ಸ್ವಚ್ಛವಾಗಲಿ ಎಂದು ಅಡಿಟಿವನ್ನು ಮೂರು ನಾಲ್ಕು ಪಟ್ಟು ಮಾಡಿದರೆ, ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಆಯಿಲ್ ಮತ್ತು ಅಡಿಟಿವ್ ಮೊದಲು ಹಾಕಿ ಮೇಲಿಂದ ಪೆಟ್ರೋಲು ಸುರಿದರೆ ಚೆನ್ನಾಗಿ ಬೆರೆಯುತ್ತದೆ.

ಅಂಟಿಕೊಂಡ ರಿಂಗ್ ಬಿಡಿಸಲು ಮಾಡುವ ತೀವ್ರ ಚಿಕಿತ್ಸೆಗೆ 5 ಲೀಟರಿನ ಪ್ರತ್ಯೇಕ ಕ್ಯಾನ್ ಇಟ್ಟುಕೊಳ್ಳುವುದು ಅನುಕೂಲ. ಅದರಲ್ಲಿ ಹೊಸ ಪೆಟ್ರೋಲು, ಸರಿಯಾದ ಪ್ರಮಾಣದ ಆಯಿಲ್, ಲೇಬಲ್ ಅನುಮತಿಸುವ ಅತಿ ಹೆಚ್ಚಿನ ಪ್ರಮಾಣದ ಕ್ಲೀನರ್ ಬೆರೆಸಿ. ಪಂಖ ಕಳಚಿ, ಎಂಜಿನ್ನಿನ ಕಾಲನ್ನು 200 ಲೀಟರಿನ ಡ್ರಮ್ಮಿನಲ್ಲಿ ಇಳಿಸಿ, ಪಂಖದ ಮೇಲಿನ ಅಡ್ಡ ತಟ್ಟೆ ಮುಳುಗುವಷ್ಟು ಸಿಹಿನೀರು ತುಂಬಿ. ನೀರಿಲ್ಲದೆ ಅರ್ಧ ನಿಮಿಷ ಓಡಿಸಿದರೂ ತಂಪು ನೀರನ್ನು ಮೇಲೆತ್ತುವ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗಬಹುದು. ಹೊಗೆ ವಿಪರೀತ ಬರುವುದರಿಂದ ಶೆಡ್ಡಿನ ಒಳಗೆ ಈ ಕೆಲಸ ಸಲ್ಲದು. ಐಡಲಿಗಿಂತ ತುಸು ಹೆಚ್ಚಿನ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ ಬಂದ್ ಮಾಡಿ, ರಾತ್ರಿಯಿಡೀ ಹಾಗೆಯೇ ಬಿಡಬೇಕು. ಬಿಸಿಯಲ್ಲಿ ಒಳಗೆ ಹೋದ ಕ್ಲೀನರ್ ಕಾರ್ಬನ್ನಿನೊಳಕ್ಕೆ ಇಳಿಯುವುದು ಈ ನೆನೆಯುವ ಅವಧಿಯಲ್ಲೇ. ಮರುದಿನ ಪಂಖ ಕಟ್ಟಿ ದೋಣಿಯಲ್ಲಿ, ಅದೇ ಮಿಶ್ರಣದ ಮೇಲೆ, ಮುಕ್ಕಾಲು ಥ್ರಾಟಲಿನಲ್ಲಿ ಭಾರ ಹೇರಿ ಓಡಿಸಬೇಕು. ಸಡಿಲಾದ ಕಾರ್ಬನ್ ಹೊರಬೀಳುವುದು ಭಾರದಲ್ಲಿ ಮಾತ್ರ, ಡ್ರಮ್ಮಿನಲ್ಲಿ ಎಷ್ಟು ಹೊತ್ತು ಗುಂಯ್‌ಗುಟ್ಟಿಸಿದರೂ ಆ ಫಲ ಸಿಗದು. ಬಂದ ಮೇಲೆ ಹೊಸ ಪ್ಲಗ್ ಹಾಕಿ ಕಂಪ್ರೆಶನ್ನನ್ನು ಮತ್ತೆ ಅಳೆಯಿರಿ. ಮೊದಲ ಅಂಕಿಯನ್ನು ಎಂಜಿನ್ ಕವರಿನ ಒಳಗೆ ಟೇಪಿನ ಮೇಲೆ ಬರೆದಿಟ್ಟಿದ್ದರೆ ಹೋಲಿಕೆಗೆ ಜಗಳವಿರುವುದಿಲ್ಲ. 90 ಇದ್ದದ್ದು 105ಕ್ಕೆ ಏರಿದ್ದರೆ ರಿಂಗ್ ಬಿಟ್ಟುಕೊಳ್ಳುತ್ತಿದೆ, ಇನ್ನೊಂದು ಸಲ ಮಾಡಬಹುದು. ಎರಡನೆಯ ಸಲವೂ ಅಂಕಿ ಕದಲದಿದ್ದರೆ ಮೂರನೆಯ ಬಾಟಲಿಗೆ ಕೊಡುವ ಹಣವನ್ನು ಗ್ಯಾಸ್ಕೆಟ್ಟಿಗೆ ಇಟ್ಟುಕೊಂಡು ಹೆಡ್ ಬಿಚ್ಚುವುದೇ ಸರಿ.

ನಾಲ್ಕು-ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಚಿಕಿತ್ಸೆಯನ್ನು ಎಂಜಿನ್ ಆಯಿಲ್ ಬದಲಿಸುವ ಸ್ವಲ್ಪ ಮೊದಲು ಮಾಡಬೇಕು, ಏಕೆಂದರೆ ಕ್ಲೀನರಿನ ಒಂದು ಅಂಶ ರಿಂಗುಗಳನ್ನು ದಾಟಿ ಕೆಳಗಿನ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಪೆಟ್ರೋಲಿನ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ಏರಿದ್ದರೆ ಬದಲಿಸುವುದನ್ನು ಒಂದು ದಿನವೂ ಮುಂದೂಡಬಾರದು. ಇಂಜೆಕ್ಷನ್ ಇರುವ ಮಾದರಿಗಳಲ್ಲಿ ಪೆಟ್ರೋಲಿನ ಆವಿ ಬೇರ್ಪಡಿಸುವ ಸಣ್ಣ ಟ್ಯಾಂಕಿನೊಳಗೆ ಒಂದು ಜಾಲರಿ ಫಿಲ್ಟರ್ ಇರುತ್ತದೆ. ಅಡಿಟಿವ್ ಸಡಿಲಿಸಿದ ಕಸ ಅಲ್ಲಿಗೇ ಹೋಗಿ ಕಟ್ಟಿಕೊಳ್ಳುವುದುಂಟು. ಚಿಕಿತ್ಸೆಯ ಮರುದಿನ ಎಂಜಿನ್ ಮೊದಲಿಗಿಂತ ಹೆಚ್ಚು ಮಂಕಾದರೆ ಅದನ್ನೇ ಮೊದಲು ನೋಡಿ.

ಕಟ್ಟಿದ ಜೆಟ್ಟುಗಳಿಗೂ ಒಂದು ಮಾತು. ಐಡಲಿನಲ್ಲಿ ಎಂಜಿನ್ ಸಾಯುತ್ತದೆ, ಚೋಕ್ ಅರ್ಧ ಎಳೆದರೆ ಮಾತ್ರ ಓಡುತ್ತಿರುತ್ತದೆ ಎಂದಾದರೆ ಐಡಲ್ ಜೆಟ್ ಅಂಟಿನಿಂದ ಕಿರಿದಾಗಿದೆ. ಇಷ್ಟು ಸೌಮ್ಯವಾಗಿದ್ದಾಗ ಅಡಿಟಿವ್ ಹಾಕಿದ ಒಂದು ಟ್ಯಾಂಕ್ ಓಡುವುದರೊಳಗೆ ತೆರೆದುಕೊಳ್ಳುವುದನ್ನು ಕಂಡಿದ್ದೇನೆ. ಪೂರ್ತಿ ಮುಚ್ಚಿದ ರಂಧ್ರದೊಳಗೆ ಪೆಟ್ರೋಲು ಹರಿಯುವುದೇ ಇಲ್ಲವಾದ್ದರಿಂದ ಅದರೊಡನೆ ಬರುವ ಅಡಿಟಿವ್ ಕೂಡ ಅಲ್ಲಿಗೆ ತಲುಪುವುದಿಲ್ಲ. ಬಿಚ್ಚಿ, ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಊದಿಯೇ ತೆಗೆಯಬೇಕು. ತಂತಿ ತೂರಿಸಿದರೆ ರಂಧ್ರದ ಅಳತೆ ಕೆಡುತ್ತದೆ.

ಮುಂದಿನ ಮೇ ತಿಂಗಳಿಗೆ

ಕ್ಯಾನಿನಂಥ ಕಳಚುವ ಟ್ಯಾಂಕ್ ಆದರೆ ಮಳೆಗಾಲಕ್ಕೆ ಪೆಟ್ರೋಲು ಉಳಿಸಿಕೊಳ್ಳುವುದೇ ಬೇಡ. ಕೊನೆಯ ಓಡಾಟದ ನಂತರ ಖಾಲಿ ಮಾಡಿ ಒಣಗಿಸಿ ಮುಚ್ಚಿಡಿ, ಎಂಜಿನ್ನನ್ನು ಪೆಟ್ರೋಲ್ ಪೈಪ್ ಕಳಚಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಉಳಿದದ್ದನ್ನು ಡ್ರೈನ್ ಸ್ಕ್ರೂ ಬಿಚ್ಚಿ ಇಳಿಸಿ. ದೋಣಿಯೊಳಗೇ ಕೂಡಿಸಿದ ಟ್ಯಾಂಕನ್ನು ಖಾಲಿ ಮಾಡಲಾಗದಿದ್ದರೆ ಒಳಗೆ ತೇವದ ಗಾಳಿಗೆ ಜಾಗ ಉಳಿಯದಂತೆ ಹೊಸ ಪೆಟ್ರೋಲು ತುಂಬಿ, ಅದೇ ದಿನ ಸ್ಟೆಬಿಲೈಸರ್ ಹಾಕಿ, ಅದು ಕಾರ್ಬ್ಯುರೇಟರಿನವರೆಗೆ ತಲುಪಲು ಹತ್ತು ನಿಮಿಷ ಓಡಿಸಿ ಬಂದ್ ಮಾಡಬೇಕು. ಎಂಜಿನ್ನಿಗಿಂತ ಮೊದಲು 10 ಮೈಕ್ರಾನಿನ ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದ ದೋಣಿಗೆ ಈ ಬಿಡುವಿನಲ್ಲೇ ಅದನ್ನು ಕೂಡಿಸಿಬಿಡಿ. ಹಿಂದೆ ಪೆಟ್ರೋಲು ಸೋಸಲು ಬಳಸುತ್ತಿದ್ದ ಮೆತ್ತನೆಯ ಚರ್ಮದ ಬಟ್ಟೆ ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ನೀರನ್ನು ನಂಬಿಕೆಯಿಂದ ತಡೆಯುವುದಿಲ್ಲ, ಹತ್ತಿಯ ಬಟ್ಟೆ ಮೊದಲಿನಿಂದಲೂ ತಡೆದಿಲ್ಲ. ಜೆಟ್ಟಿಯಲ್ಲಿ ಇರಿಸುವ ಪ್ರತಿ ಕ್ಯಾನಿನ ಮೇಲೂ ಪೆಟ್ರೋಲು ತುಂಬಿಸಿದ ದಿನಾಂಕವನ್ನು ಮಾರ್ಕರಿನಲ್ಲಿ ಬರೆದಿಡಿ. ಯಾರು ಯಾವಾಗ ತಂದದ್ದು ಎಂದು ತಿಳಿಯದ ಕ್ಯಾನಿನ ಪೆಟ್ರೋಲನ್ನು ಭರಣಿಯಲ್ಲಿ ನೋಡದೆ ಎಂಜಿನ್ನಿಗೆ ಜೋಡಿಸಬೇಡಿ.